ನಾಗುವಿನ ಹತ್ತರ ಎಣಿಕೆ

ಕಾಸರಕೋಡಿನಲ್ಲಿ ನನ್ನ ಮನೆಯಿಂದ ಮೂರನೆಯದು ನಾಗುವಿನ ಮನೆ. ಅವಳಿಗೆ ಈಗ ಅರವತ್ತೊಂದು, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಮೂವತ್ತೈದು ವರ್ಷ ಹೊಳೆಯ ಇಳಿತ ನೋಡಿ, ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿದವಳು. ಬಳಚಿನ ಚಿಪ್ಪು ಕಾಲು ಕೊಯ್ಯುವುದು ಅಲ್ಲಿ ದಿನದ ಮಾತು. ಉಳಿದ ಹೆಂಗಸರು ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಕುಳಿತರೆ ನಾಗು ಕಾಲೆತ್ತಿ ಹಿಡಿದು ಗಟ್ಟಿಯಾಗಿ ಒಂದರಿಂದ ಹತ್ತು ಎಣಿಸುವಳು. ಹತ್ತಕ್ಕೆ ರಕ್ತ ನಿಲ್ಲುತ್ತಿತ್ತು. ಸುಳ್ಳಲ್ಲ, ದಂಡೆಯಲ್ಲಿ ಕುಳಿತು ನೋಡಿದ್ದೇನೆ. ಒಂದೆರಡು ಸಲ ಏಳಕ್ಕೇ ನಿಂತದ್ದೂ ಉಂಟು. ಆದರೂ ಹತ್ತು ಮುಗಿಸಿಯೇ ಕಾಲು ಇಳಿಸಿದಳು.

ಅವಳ ಸೊಸೆ ಪೂರ್ಣಿಮಾ ಮದುವೆಯಾಗಿ ಬಂದ ವರ್ಷ ಮೀನು ಕೊಯ್ಯುವಾಗ ಮೆಟ್ಟುಗತ್ತಿಗೆ ಬೆರಳು ಕೊಟ್ಟಳು. ರಕ್ತ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಎಂತ ರಕ್ತವೇ ನಿಂದು, ನಲ್ಲಿ ನೀರಿನ ಹಂಗೆ. ನಮ್ಮನೆ ರಕ್ತ ಹಿಂಗಲ್ಲ" ಎಂದಳು ನಾಗು. ಈ ಮಾತನ್ನು ಹನ್ನೆರಡು ವರ್ಷ ಹೇಳಿದಳು, ಮೀನು ತಂದ ದಿನವೆಲ್ಲ ಹೇಳಿದಳು.

ಪೂರ್ಣಿಮಾ ತಿರುಗಿ ಮಾತಾಡುವವಳಲ್ಲ. ಮೂರು ವರ್ಷದ ಹಿಂದೆ ಶಾಲೆಯಲ್ಲಿ ಸಕ್ಕರೆ ಕಾಯಿಲೆಯ ಶಿಬಿರವಾದಾಗ ಅತ್ತೆಯನ್ನು ಕರೆದುಕೊಂಡು ಹೋದಳು. ನರ್ಸು ಬೆರಳಿಗೆ ಚುಚ್ಚಿ ಎರಡು ಸಲ ಹಿಂಡಬೇಕಾಯಿತು. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ನಾಗು, "ಅದು ಹಂಗೆಲ್ಲ ಬರೂದಿಲ್ಲ" ಎಂದಳು. ಬಂದ ಒಂದು ಹನಿಯಲ್ಲಿ ಸಕ್ಕರೆ ಮುನ್ನೂರ ಹನ್ನೆರಡು ಇತ್ತು.

ಗುಳಿಗೆ ಕೊಟ್ಟರು. ನಾಗು ಅದನ್ನು ಪಾಯಸ ತಿಂದ ದಿನ ಮಾತ್ರ ನುಂಗಿದಳು. ಉಳಿದ ದಿನ ಚಹಾಕ್ಕೂ ಸಕ್ಕರೆ ಹಾಕುವುದಿಲ್ಲ, ಗುಳಿಗೆ ಹೊಟ್ಟೆಗೆ ಹೋಗಿ ಎಂತದನ್ನು ಹುಡುಕಬೇಕು ಎಂದು ಕೇಳುತ್ತಿದ್ದಳು. ಮೂರು ಹೊತ್ತಿನ ಗಂಜಿ ಅವಳ ಗಮನಕ್ಕೆ ಬರಲಿಲ್ಲ. ಆಗ ಅವಳ ಮಾತು ನನಗೂ ಸರಿಯೆಂದೇ ಕಂಡಿತ್ತು, ಅದನ್ನೂ ಬರೆಯಬೇಕು.

ಕಳೆದ ಕಾರ್ತಿಕದಲ್ಲಿ ಅವಳ ಎಡಗಾಲಿನ ಮೀನಖಂಡ ಬಾತು ಬಿಸಿಯಾಯಿತು. ನಾಲ್ಕು ದಿನ ಉಳುಕು ಎಂದಳು. ಐದನೆಯ ದಿನ ನಾನು ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸಿಕೊಂಡು ತಿಕ್ಕಲು ಹೋದೆ. ಪೂರ್ಣಿಮಾ ನನ್ನ ಕೈ ಹಿಡಿದಳು.

"ತಿಕ್ಕೂದು ಬ್ಯಾಡ ದೊಡ್ಡಮ್ಮ. ಕುಮಟೆಗೆ ಹೋಪ."

ಕುಮಟಾದಲ್ಲಿ ಸ್ಕ್ಯಾನ್ ಮಾಡಿದರು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ತುಂಡಾಗಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ತಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಎಣ್ಣೆಯ ಬಾಟಲಿ ನನ್ನ ಚೀಲದಲ್ಲೇ ಇತ್ತು.

"ಕಟ್ಟೂದು ಒಳ್ಳೇದೇ ಅಲ್ದಾ?" ಎಂದಳು ನಾಗು. "ನಂದು ಹತ್ತಕ್ಕೇ ಕಟ್ಟತ್ತು."

ಡಾಕ್ಟರು ಅವಳ ಅಂಗಾಲನ್ನು ಬೆರಳಿನಿಂದ ತಟ್ಟಿ ನೋಡಿದರು. "ಅದು ಈ ಚರ್ಮದ ಕೆಲಸ ಅಮ್ಮ. ಇಷ್ಟು ದಪ್ಪ ಇರುವಾಗ ಚಿಪ್ಪು ಆಳಕ್ಕೆ ಹೋಗುವುದು ಹೇಗೆ?"

ಮೂವತ್ತೈದು ವರ್ಷದ ಹೆಸರು ಅಂಗಾಲಿನ ಪಾಲಾಯಿತು.

ಡಾಕ್ಟರು ನಿಧಾನವಾಗಿ ಹೇಳಿದರು. "ಹೆಪ್ಪು ಅಂದರೆ ನೂಲಿನ ಬಲೆ. ಗಾಯ ಮಾಯುತ್ತ ಬಂದ ಹಾಗೆ ಆ ನೂಲು ಕತ್ತರಿಸಿ ಬಲೆ ಬಿಚ್ಚುವ ಪದಾರ್ಥವೂ ರಕ್ತದಲ್ಲೇ ಇರುತ್ತದೆ. ಸಕ್ಕರೆ ಏರಿದರೆ ನೂಲಿಗೆ ಸಕ್ಕರೆ ಅಂಟಿ ಬಲೆ ಒತ್ತಾಗುತ್ತದೆ. ಬಿಚ್ಚುವುದನ್ನು ತಡೆಯುವ ಪದಾರ್ಥವೂ ಹೆಚ್ಚುತ್ತದೆ. ಕಟ್ಟಿದ್ದು ಸುಲಭಕ್ಕೆ ಬಿಚ್ಚುವುದಿಲ್ಲ."

ಬಲೆಯ ವಿಷಯ ನಾಗುವಿಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ. "ಅಂದ್ರೆ ಬಿಚ್ಚೋರು ಒಳಗೇ ಇದ್ರು, ನಾನೇ ಅವ್ರ ಕೈ ಕಟ್ಟಿದ್ದು."

"ಈಗ ಕೊಡುವ ಗುಳಿಗೆ ಹೆಪ್ಪು ಬೆಳೆಯದ ಹಾಗೆ ತಡೆಯುತ್ತದೆ, ಅಷ್ಟೇ. ಬಿಚ್ಚುವುದು ನಿಮ್ಮ ರಕ್ತದ್ದೇ ಕೆಲಸ. ಸಕ್ಕರೆಯ ಗುಳಿಗೆಯನ್ನೂ ದಿನಾ ನುಂಗಿ. ಹೆಪ್ಪಿನ ಗುಳಿಗೆ ನುಂಗುವಷ್ಟು ದಿನ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಹೊಳೆಗೆ ಇಳಿಯಬೇಡಿ."

ಎರಡು ತಿಂಗಳು ಸರಿಯಾಗಿ ನುಂಗಿದಳು. ಒಂದು ಬೆಳಿಗ್ಗೆ ಬೆರಳಿಗೆ ಸೆರಗು ಸುತ್ತಿಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಮೆಟ್ಟುಗತ್ತಿ ತಾಗಿತ್ತು.

"ಅಕ್ಕ, ನೀನು ಎಣಿಸು. ಹತ್ತರ ಮೇಲೆ ನಂಗೆ ಬರೂದಿಲ್ಲ."

ಬಟ್ಟೆ ಒತ್ತಿ ಹಿಡಿದು ಎಣಿಸಿದೆ. ನೂರಾಯಿತು. ಇನ್ನೂರಾಯಿತು.

"ಈ ಗುಳಿಗೆ ಬಿಟ್ಟುಬಿಡ್ತೆ ಅಕ್ಕ. ಪೂರ್ಣಿಮಾಗೆ ಮಾತ್ರ ಹೇಳಬ್ಯಾಡ."

ಪೂರ್ಣಿಮಾ ನೂರೈವತ್ತರಿಂದಲೇ ಹತ್ತಿ ಹಿಡಿದುಕೊಂಡು ಅವಳ ಬೆನ್ನ ಹಿಂದೆ ನಿಂತಿದ್ದಳು. ನಾನು ಎಣಿಸುವುದನ್ನು ಬಿಡುವ ಹಾಗಿರಲಿಲ್ಲ, ಹಾಗಾಗಿ ಅದನ್ನು ನಾಗುವಿಗೆ ಹೇಳಲಿಲ್ಲ.

"ನಿಲ್ಲತ್ತು ಅತ್ತೆ, ಗಡಿಬಿಡಿ ಎಂತಕ್ಕೆ?" ಎಂದಳು ಪೂರ್ಣಿಮಾ. "ನಮ್ಮನೆ ರಕ್ತ ಅಲ್ದಾ."

ಹನ್ನೆರಡು ವರ್ಷದಲ್ಲಿ ಅವಳು ತಿರುಗಿ ಆಡಿದ ಮಾತು ಅದೊಂದೇ. ಇನ್ನೂರ ಎಂಬತ್ತಕ್ಕೆ ರಕ್ತ ನಿಂತಿತು. ನಾಗು ಮನೆಗೆ ಹೋಗಿ ಆ ಹೊತ್ತಿನ ಗುಳಿಗೆಯನ್ನು ಸೊಸೆಯ ಎದುರೇ ನುಂಗಿದಳು.

ಕಳೆದ ಸೋಮವಾರ ಕುಮಟಾದಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಹೆಪ್ಪು ಅರ್ಧಕ್ಕಿಂತ ಹೆಚ್ಚು ಬಿಚ್ಚಿದೆಯಂತೆ. ಗುಳಿಗೆ ಇನ್ನೂ ಮೂರು ತಿಂಗಳು. ನಾಗು ಈಗ ದಂಡೆಯಲ್ಲಿ ಚಪ್ಪಲಿ ಹಾಕಿಕೊಂಡು ಕುಳಿತು, ಬಳಚು ಹೆಕ್ಕುವವರಿಗೆ ಹೇಳುತ್ತಾಳೆ:

"ಕಟ್ಟೂದು ಯಾರ ರಕ್ತನೂ ಕಟ್ಟತ್ತು. ನಂದು ತನ್ನಷ್ಟಕ್ಕೇ ಬಿಚ್ಚತ್ತು."