ಮಾಸ್ಟ್ರ ಎರಡು ಬೆರಳು

ನಮ್ಮ ಬ್ಯಾಂಡ್‌ಸೆಟ್ಟಿನ ಮಾಸ್ಟ್ರು ಸತ್ತಾಗ ಕೋಲಾರದಲ್ಲಿ ಎಲ್ಲರೂ ಅಯ್ಯೋ ಪಾಪ ಅಂದರು. ನಾನು ಅನ್ನಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಬಾಯಿ ತೆರೆಯಲು ಬಿಡದ ಮನುಷ್ಯನ ಬಗ್ಗೆ ಇನ್ನು ಯಾವಾಗ ಆಡುವುದು? ಅವರಿಗೆ ಬಹುವಚನ ಕೊಡುವುದೂ ನಾಲಿಗೆಯ ಅಭ್ಯಾಸ, ಮನಸ್ಸಿನದಲ್ಲ.

ಪ್ರಾಯದಲ್ಲಿ ಅವರು ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಅಲ್ಲಿ ಬಿಳಿ ದೊರೆಗಳು ಜೋಡಿ ಜೋಡಿಯಾಗಿ ಕುಣಿಯುವುದಕ್ಕೆ ಜಾಝ್ ನುಡಿಸುವ ತಂಡ ಇತ್ತಂತೆ. ಆ ಕುಣಿತ ನಿಂತ ಮೇಲೆ ಕೋಲಾರಕ್ಕೆ ಬಂದು ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ಕಟ್ಟಿದರು. ಎಪ್ಪತ್ತರ ದಶಕದ ನಡುವೆ ನಾನು ಕ್ಲಾರಿಯೊನೆಟ್ ಊದಲು ಸೇರಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೇ ಮದುವೆಯಾಗಲಿ, ಕೆಂಪು ಕೋಟು ತೊಟ್ಟು, ಬಸ್ಸಿನ ಟಾಪ್ ಮೇಲೆ ಡ್ರಮ್ಮು ಕಟ್ಟಿ ಹೊರಡುತ್ತಿದ್ದೆವು.

ಎರಡು ಸಿನಿಮಾ ಹಾಡುಗಳ ನಡುವೆ ಮಾಸ್ಟ್ರು ತಾವೇ ಕಟ್ಟಿದ ಜಾಝ್ ತುರುಕುತ್ತಿದ್ದರು. ಅದಕ್ಕೊಂದು ನಿಯಮ ಇದೆ ಎಂದು ಹೇಳಿಕೊಟ್ಟವರೂ ಅವರೇ. ಮೊದಲು ಎಲ್ಲರೂ ಸೇರಿ ಮಟ್ಟು ನುಡಿಸಬೇಕು. ಆಮೇಲೆ ಒಬ್ಬೊಬ್ಬನಿಗೂ ಸರದಿ ಬರಬೇಕು. ಸರದಿ ಬಂದವನು ಕಲಿತದ್ದನ್ನು ಬಿಟ್ಟು ಆ ಗಳಿಗೆಗೆ ತನಗೆ ತೋಚಿದ್ದನ್ನು ನುಡಿಸಬೇಕು. ಮಾಸ್ಟ್ರು ಎರಡು ಬೆರಳು ಎತ್ತಿ ತೋರಿಸಿದವನಿಗೆ ಸರದಿ. ಡ್ರಮ್ಮಿನವನಿಗೆ ಎತ್ತುತ್ತಿದ್ದರು. ಮೂರು ಹಾಡು ಬಿಟ್ಟರೆ ನಾಲ್ಕನೆಯದು ಬಾರದ ಸ್ಯಾಕ್ಸೊಫೋನಿನವನಿಗೂ ಎತ್ತುತ್ತಿದ್ದರು. ನನಗೆ ಮಾತ್ರ ಹನ್ನೊಂದು ವರ್ಷ ಎತ್ತಲಿಲ್ಲ.

ಜನಕ್ಕಂತೂ ಆ ಜಾಝ್ ಬೇಕೇ ಇರಲಿಲ್ಲ. ಬೈರಕೂರಿನ ಒಂದು ಮದುವೆಯಲ್ಲಿ ಗಂಡಿನ ಸೋದರಮಾವ ಮೆರವಣಿಗೆ ನಿಲ್ಲಿಸಿ, ಈ ಗಲಾಟೆ ಬಿಟ್ಟು ಸಿನಿಮಾ ಹಾಡು ನುಡಿಸು ಎಂದು ತೆಲುಗಿನಲ್ಲಿ ರೇಗುತ್ತ ಮಾಸ್ಟ್ರ ಎದೆಗೇ ಬಂದ.

"ಏಂದಯ್ಯಾ ಈ ಗೋಲ? ಸಿನಿಮಾ ಪಾಟ ವಾಯಿಂಚಯ್ಯಾ!"

"ಐದ್ ನಿಮ್ಷ ಕೇಳ್ಸ್ಕೊಳ್ಳಿ ಸ್ವಾಮಿ, ಕಿವಿ ಏನೂ ಸವ್ದೋಗಲ್ಲ," ಎಂದು ಮಾಸ್ಟ್ರು ಮುಂದುವರಿಸಿಯೇ ಬಿಟ್ಟರು.

ಎಂಥ ಧೈರ್ಯ ಅಂತ ಈಗ ಕೆಲವರು ಹೊಗಳುತ್ತಾರೆ. ಧೈರ್ಯ ಅವರದು, ಅನುಭವಿಸಿದ್ದು ನಾವು. ಮದುವೆಯವರು ಆ ಸಿಟ್ಟಿಗೆ ನಮ್ಮನ್ನು ಕೊನೇ ಪಂಕ್ತಿಗೆ ಕೂರಿಸಿ, ಹಪ್ಪಳ ಮುಗಿದ ಮೇಲೆ ಎಲೆ ಹಾಕಿದರು.

ಒಂದು ಸಲ ಟೇಕಲ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಕೇಳಿಯೇಬಿಟ್ಟೆ.

"ಮಾಸ್ಟ್ರೇ, ಎಲ್ರಿಗೂ ಸರದಿ ಕೊಡ್ತೀರ. ನಂಗ್ಯಾಕೆ ಕೊಡಲ್ಲ?"

"ಕೊಟ್ರೆ ಏನ್ ಊದ್ತೀಯೋ?"

"ನಂಗೆ ತೋಚಿದ್ದು."

"ನಿಂಗೆ ತೋಚೋದೆಲ್ಲ ನಂದೇ ಕಣೋ. ನಿಂದು ಅಂತ ಒಂದ್ ಸಾಲು ಹುಟ್ಟಿದ್ ದಿನ ಹೇಳು, ಕೊಡ್ತೀನಿ."

ಬೀಡಿ ಹೊತ್ತಿಸಿ ರೈಲು ಬರುವ ದಿಕ್ಕಿಗೆ ಮುಖ ತಿರುಗಿಸಿದರು. ಸ್ಯಾಕ್ಸೊಫೋನಿನವನು ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನೊಳಗೆ ನನ್ನದೇ ಸಂಗೀತ ತುಂಬಿದೆ, ಈ ಮನುಷ್ಯ ಹೊಟ್ಟೆಕಿಚ್ಚಿಗೆ ಬಾಗಿಲು ಹಾಕಿಕೊಂಡು ನಿಂತಿದ್ದಾನೆ ಎಂದೇ ನಂಬಿದ್ದೆ. ಬಿಟ್ಟು ಹೋಗೋಣವೆಂದರೆ ವಾದ್ಯಗಳೆಲ್ಲ ಅವರವು. ಬಿಟ್ಟವನು ಬರಿಗೈಯಲ್ಲಿ ಹೋಗಬೇಕಿತ್ತು.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಮಾಸ್ಟ್ರ ಮುಂದಿನ ಹಲ್ಲುಗಳು ಉದುರಿದವು. ತುಟಿಗೆ ಹಿಂದಿನಿಂದ ಹಲ್ಲಿನ ಆಸರೆ ಇಲ್ಲದಿದ್ದರೆ ಟ್ರಂಪೆಟ್ಟಿನಲ್ಲಿ ಸ್ವರ ನಿಲ್ಲುವುದಿಲ್ಲ. ಕಟ್ಟಿಸಿಕೊಂಡ ಹಲ್ಲುಸೆಟ್ಟು ಊದಿದಾಗಲೆಲ್ಲ ಜಾರುತ್ತಿತ್ತು. ಸುಳ್ಳೇಕೆ, ನನಗೆ ಖುಷಿಯಾಯಿತು. ಆ ಖುಷಿ ಒಂದು ವಾರವೂ ಉಳಿಯಲಿಲ್ಲ.

"ನಾನ್ ಮುಂದೆ ನಿಂತು ಬಾಯಿಗಿಟ್ಕೊಂಡಿರ್ತೀನಿ," ಎಂದರು ಕರೆದು. "ನೀನು ಬೆನ್ ಹಿಂದೇನೇ ನಿಂತು ನಂದನ್ನ ಊದು. ಯಾರ್ಗೂ ಗೊತ್ತಾಗಲ್ಲ."

ನಿಜಕ್ಕೂ ಗೊತ್ತಾಗಲಿಲ್ಲ. ಮದುವೆಗೆ ಬಂದವರಿಗೆ ಊದುವುದೆಲ್ಲ ಪೀಪಿಯೇ. ಮಾಸ್ಟ್ರು ಕೆನ್ನೆ ಉಬ್ಬಿಸಿ ಕಣ್ಣು ಮುಚ್ಚುತ್ತಿದ್ದರು, ಹಿಂದೆ ನಾನು ಕತ್ತಿನ ನರ ಹರಿಯುವಂತೆ ಊದುತ್ತಿದ್ದೆ. "ಈ ವಯಸ್ಸಲ್ಲೂ ಏನ್ ಉಸ್ರು ಮಾಸ್ಟ್ರದು!" ಎಂದು ಅವರ ಕೊರಳಿಗೆ ಹಾರ ಬೀಳುತ್ತಿತ್ತು. ಉಣ್ಣುವವನೊಬ್ಬ, ತೇಗುವವನು ಇನ್ನೊಬ್ಬ. ಹೀಗೆ ಎರಡು ಮದುವೆ ಸೀಸನ್ ನಡೆಯಿತು.

ಆಮೇಲೆ ಮುಳಬಾಗಿಲಿನ ಒಂದು ಮದುವೆ. ಬೆಳಗಿನ ಬಿಸಿಲಿನಲ್ಲಿ ಮೆರವಣಿಗೆ ಛತ್ರದ ಬಾಗಿಲಿಗೆ ಬಂದಿತ್ತು. ಮಾಸ್ಟ್ರು ತಮ್ಮ ಜಾಝ್ ಶುರು ಮಾಡಿಸಿದ್ದರು. ಹೆಣ್ಣಿನ ಕಡೆಯವರೆಲ್ಲ ಎದುರು ನಿಂತಿದ್ದಾರೆ, ಎಲ್ಲರ ಕಣ್ಣೂ ಅವರ ಮೇಲೆ. ಇದೇ ಸಮಯ ಎಂದು ನಾನು ಸಾಲಿನ ನಡುವೆ ಕ್ಲಾರಿಯೊನೆಟ್ ಕೆಳಗಿಳಿಸಿಬಿಟ್ಟೆ. ಬೇಕೆಂದೇ ಇಳಿಸಿದೆ. ಮಾಸ್ಟ್ರ ಕೆನ್ನೆ ಉಬ್ಬಿದೆ, ಬೆರಳು ಗುಂಡಿಗಳ ಮೇಲೆ ಕುಣಿಯುತ್ತಿದೆ, ಡ್ರಮ್ಮು ಬಡಿಯುತ್ತಿದೆ, ಟ್ರಂಪೆಟ್ಟಿನಿಂದ ಮಾತ್ರ ಗಾಳಿಯೂ ಇಲ್ಲ. ಮುಂದೆ ನಿಂತಿದ್ದ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಪಾಯಸ ಉಂಡಷ್ಟು ಸಂತೋಷವಾಯಿತು.

ಮಾಸ್ಟ್ರು ಗಾಬರಿಯಾಗಲಿಲ್ಲ. ಟ್ರಂಪೆಟ್ ಇಳಿಸಿ, ನಿಧಾನವಾಗಿ ಹಿಂದಕ್ಕೆ ತಿರುಗಿ, ನನ್ನ ಮುಖ ನೋಡಿ ಎರಡು ಬೆರಳು ಎತ್ತಿದರು.

ಜನ ಕಂಡದ್ದು ಶಿಷ್ಯನಿಗೆ ಜಾಗ ಬಿಟ್ಟುಕೊಡಲು ತಾನೇ ನಿಲ್ಲಿಸಿದ ಗುರುವನ್ನು. ಚಪ್ಪಾಳೆ ಬಿತ್ತು. ನನ್ನ ಸೇಡನ್ನೂ ಆ ಮನುಷ್ಯ ತನ್ನ ಸಂಗೀತದ ಒಂದು ಭಾಗ ಮಾಡಿಕೊಂಡುಬಿಟ್ಟ.

ಇರಲಿ, ಹನ್ನೊಂದು ವರ್ಷ ಕಾದ ಸರದಿ, ತೋರಿಸಿಯೇಬಿಡೋಣ ಎಂದು ಊದಿದೆ. ಬಂದ ಮೊದಲ ಸಾಲು ಮಾಸ್ಟ್ರು ಕ್ಲಬ್ಬಿನ ಕಾಲದಲ್ಲಿ ಕಟ್ಟಿದ್ದು. ಬೇಡವೆಂದು ಬೇರೆ ಕಡೆ ಹೊರಳಿಸಿದೆ. ಅದು ಅವರು ಶ್ರೀನಿವಾಸಪುರದ ಮದುವೆಯೊಂದರಲ್ಲಿ ಊದಿದ್ದು. ಮೇಲೆ ಹೋದರೂ ಅವರು, ಕೆಳಗೆ ಬಂದರೂ ಅವರು. ಜನ ತಲೆದೂಗಿದರು, ಅವರಿಗೇನು ಗೊತ್ತು. ಗೊತ್ತಾದದ್ದು ನಮ್ಮಿಬ್ಬರಿಗೆ. ಮಾಸ್ಟ್ರು ಬೆರಳು ಇಳಿಸದೆ ಕಾಯುತ್ತಲೇ ಇದ್ದರು. ನನಗೆ ಉಸಿರು ಮುಗಿಯಿತು.

ಊಟಕ್ಕೆ ನನ್ನ ಪಕ್ಕದ ಎಲೆಗೇ ಬಂದು ಕೂತರು. ಬೈಯುತ್ತಾರೆಂದು ಕಾದೆ. ಕಡಿಯಲಾಗದ ಹಪ್ಪಳವನ್ನು ಎತ್ತಿ ನನ್ನ ಎಲೆಗೆ ಹಾಕಿ, "ಮುಂದಿನ್ ಮದ್ವೇಲಿ ನೋಡೋಣ ಕಣೋ," ಎಂದರು.

ಆಮೇಲೆ ಸಾಯುವವರೆಗೆ ಪ್ರತಿ ಮದುವೆಯಲ್ಲೂ ನನಗೆ ಎರಡು ಬೆರಳು ಎತ್ತಿದರು. ಪ್ರತಿ ಸಲವೂ ನಾನು ಅವರದನ್ನೇ ಊದಿದೆ. ಟೇಕಲ್ಲಿನಲ್ಲಿ ಅವರು ಹೇಳಿದ್ದು ಸುಳ್ಳಾಗಿದ್ದರೆ ಯಾವತ್ತೋ ಕ್ಷಮಿಸಿರುತ್ತಿದ್ದೆ.