ಕಾದಂಬರಿಯ ಸೊಸೆಗೆ ಕಟ್ಟಿದ ಬುತ್ತಿ

ಅರವತ್ತರ ದಶಕದ ಆರಂಭ. ನಾನಾಗ ದಾವಣಗೆರೆಯಲ್ಲಿ ಹೈಸ್ಕೂಲು ಹುಡುಗಿ. ಕನ್ನಡದ ಮೇಷ್ಟ್ರು ಕ್ಲಾಸಿನಲ್ಲಿ ತಿಂಗಳುಗಟ್ಟಲೆ ಒಂದು ಕಾದಂಬರಿ ಓದಿ ಮುಗಿಸಿದ್ದರು. ಅದರ ಕೊನೆಯಲ್ಲಿ ಸೊಸೆ ಗಂಡನ ಮನೆ ಬಿಟ್ಟು ಒಬ್ಬಳೇ ಹೊರಡುತ್ತಾಳೆ. “ಸಾರಾಂಶ ಗೀರಾಂಶ ಬ್ಯಾಡ. ಓದಿದ್ದಕ್ಕೆ ನಿಮ್ಮ ಕೈಯಾರೆ ಏನಾದ್ರೂ ಮಾಡ್ಕೊಂಡು ಬರ್ರಿ” ಎಂದರು. ಚೆನ್ನಾಗಿದ್ದದ್ದನ್ನು ಇನ್‌ಸ್ಪೆಕ್ಟರ್ ಬಂದಾಗ ಮೇಜಿನ ಮೇಲೆ ಇಡುತ್ತಾರಂತೆ. ಆ ಮೇಜು ನನ್ನದೇ ಎಂದುಕೊಂಡೆ.

ಅಪ್ಪನ ಬಟ್ಟೆ ಅಂಗಡಿಯ ರೇಷ್ಮೆ ತುಂಡು ತಂದು, ಎಂಟು ದಿನ ಕೂತು ಸೊಸೆಯ ಗೊಂಬೆ ಮಾಡಿದೆ. ಅದಕ್ಕೆ ಮೂಗುತಿ ಕೂಡ ಇತ್ತು. ಹರಿಹರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಹುಡುಗಿ ತಂದದ್ದು ಒಂದು ಹಳೇ ಬಟ್ಟೆಯ ಗಂಟು. ಒಳಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. “ಆಕಿ ಹೊರಟಾಗ ಯಾರೂ ಬುತ್ತಿ ಕಟ್ಟಲಿಲ್ಲಲ್ಲ ಸಾರ್. ಅದಕ್ಕೆ ನಾನು ಕಟ್ಕೊಂಡು ಬಂದೆ” ಎಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಗೊಂಬೆ ಕಿಟಕಿಗೆ ಹೋಯಿತು, ಗಂಟು ಮೇಜಿಗೆ ಬಂತು.

ನನಗೆ ಹೊಟ್ಟೆ ಉರಿದುಹೋಯಿತು. ಎರಡು ರೊಟ್ಟಿ! ಅವೂ ಅವರವ್ವ ಬಡಿದವೇ ಇರಬೇಕು.

ಮರುದಿನ ಇನ್‌ಸ್ಪೆಕ್ಟರ್ ಬರುವವರಿದ್ದರು. ಬೆಳಿಗ್ಗೆ ಎಲ್ಲರೂ ಪ್ರಾರ್ಥನೆಗೆ ಹೋದಾಗ ನಾನು ಹಿಂದೆ ಉಳಿದು ಗಂಟು ಬಿಚ್ಚಿದೆ. ರೊಟ್ಟಿ ಎಸೆದುಬಿಡುವ ಲೆಕ್ಕಾಚಾರ. ಆದರೆ ಚೆಲ್ಲಿದ ಒಂದು ಅಗುಳಿಗೂ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳು ನಾನು, ಎಸೆಯಲು ಕೈ ಬರಲಿಲ್ಲ. ಎರಡನ್ನೂ ಚಟ್ನಿಪುಡಿ ಸಮೇತ ಗಬಗಬನೆ ತಿಂದೆ. ಆಮೇಲೆ ಇನ್ನೊಂದು ಫಜೀತಿ. ಯಾರದೇ ಡಬ್ಬಿಯನ್ನಾಗಲಿ ಬರಿದಾಗಿ ಕಳಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಯೋಚಿಸುವ ಮೊದಲೇ ನನ್ನ ಡಬ್ಬಿಯ ಒಗ್ಗರಣೆ ಮಂಡಕ್ಕಿ ಸುರಿದು ಗಂಟು ಕಟ್ಟಿಬಿಟ್ಟಿದ್ದೆ. ಅವ್ವ ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದ ಆ ಮಂಡಕ್ಕಿಯ ವಾಸನೆ ಇಡೀ ಕ್ಲಾಸಿಗೆ ಗೊತ್ತು.

ಮೇಷ್ಟ್ರು ಸೊಸೆಯ ಬುತ್ತಿಯ ಬಗ್ಗೆ ಹೇಳಿ ಮುಗಿಸಿದ ಮೇಲೆ ಇನ್‌ಸ್ಪೆಕ್ಟರ್ ಗಂಟು ಬಿಚ್ಚಿದರು. “ಇದೇನು, ಮಂಡಕ್ಕಿ?”

ಮೇಷ್ಟ್ರ ಮುಖ ಕಪ್ಪಿಟ್ಟಿತು. ಹರಿಹರದ ಹುಡುಗಿ ನನ್ನ ಕಡೆ ಒಮ್ಮೆ ನೋಡಿ ಎದ್ದು ನಿಂತಳು. “ರೊಟ್ಟಿ ಇತ್ತು ಸಾರ್. ದಾರ್ಯಾಗ ಯಾರೋ ಹಸಿದೋರು ಸಿಕ್ರು, ಆ ಸೊಸಿ ಅವರಿಗೆ ಕೊಟ್ಲು. ಅವರು ತಮ್ಮ ಹತ್ರ ಇದ್ದ ಮಂಡಕ್ಕಿ ಕೊಟ್ರು.”

ಇನ್‌ಸ್ಪೆಕ್ಟರ್ ಭೇಷ್ ಎಂದರು. ಅವಳ ಕೆಲಸವನ್ನು ನಾನೇ ಇನ್ನಷ್ಟು ಚೆಂದ ಮಾಡಿಕೊಟ್ಟಂತಾಗಿತ್ತು. ಸಿಟ್ಟಿಗೆ ಅಳು ಬಂತು.

ಸಂಜೆ ಸ್ಟೇಷನ್ನಿಗೆ ಹೊರಟವಳು ಗೇಟಿನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು. “ಬೆಳಿಗ್ಗೆ ಮನ್ಯಾಗ ಏನೂ ತಿಂದಿರಲಿಲ್ಲೇನೆ? ಕೇಳಿದ್ರೆ ನಾನೇ ಕೊಡ್ತಿದ್ದೆ.”

ಅದು ನನ್ನ ಹೊಟ್ಟೆಕಿಚ್ಚು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಹೂಂ, ಹಸಿವಾಗಿತ್ತು ಎಂದೆ. ಮರುದಿನದಿಂದ ಪರೀಕ್ಷೆ ಮುಗಿಯುವವರೆಗೂ ಅವಳು ನನಗೆಂದು ದಿನಾ ಒಂದು ರೊಟ್ಟಿ ತಂದಳು. ಅದನ್ನು ನಾನು ಅವಳ ಎದುರೇ ಕೂತು ತಿನ್ನಬೇಕಾಯಿತು.