ಮಾವನಿಗೆ ಕಾಣದ ಸ್ಟೇಟಸ್

ನನ್ನನ್ನೇ ಬೈದು ಬಂದ ಸಂದೇಶಕ್ಕೆ ಕೈ ಮುಗಿದವಳು ನಾನು. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಅಮ್ಮನ ಅಣ್ಣ, ನನ್ನ ದೊಡ್ಡ ಮಾವ, ದಿನವೂ ಬೆಳಿಗ್ಗೆ ಒಂದು ದೇವರ ಚಿತ್ರ ಕಳಿಸುತ್ತಾರೆ. ನಾವೆಲ್ಲ ಕೈ ಮುಗಿಯುವ ಚಿಹ್ನೆ ಒತ್ತುತ್ತೇವೆ. ಒಂದು ದಿನ ದೇವರ ಬೆನ್ನಿಗೇ ಇನ್ನೊಂದು ಬಂತು: ಹೆಂಗಸರು ಹೆಂಗಸರನ್ನೇ ಮೆಚ್ಚಿ ಬದುಕುವ ಕಾಲ ಬಂದಿದೆ, ಇನ್ನು ಧರ್ಮ ಉಳಿಯುವುದು ಹೇಗೆ ಎಂದು. ಮೂಡುಬಿದಿರೆಯ ಬಸ್ಸಿನಲ್ಲಿ ನೇತಾಡುತ್ತಿದ್ದೆ. ಬೆರಳು ಅಭ್ಯಾಸಬಲದಿಂದ ಅದಕ್ಕೂ ಕೈ ಮುಗಿಯಿತು. ಶಾಲೆಯಲ್ಲಿ ಗಣಿತ ಕಲಿಸುವ ಈ ಸೊಸೆ ಪ್ರೀತಿಸುವುದೂ ಒಬ್ಬ ಹೆಂಗಸನ್ನೇ ಎಂದು ಮಾವನಿಗೆ ಗೊತ್ತಿಲ್ಲ.

ನಮ್ಮದು ಅಳಿಯಸಂತಾನದ ಮನೆತನ. ವಂಶ ತಾಯಿಯದು, ಮನೆ ಹೆಣ್ಣಿನದು, ಮಾತು ಮಾತ್ರ ಮಾವನದು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಹಳೆಯ ಯಜಮಾನಿಕೆ ಈಗ ಗ್ರೂಪ್ ಅಡ್ಮಿನ್ ಆಗಿ ಉಳಿದಿದೆ. ಹಾಗೆಂದು ಮಾವ ಕೆಟ್ಟವರಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬಿ.ಎಡ್. ಓದಿಸಿದ್ದು ಅವರೇ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಹಿಂದೊಮ್ಮೆ ಜೋಡಿ ಹುಡುಕುವ ಆ್ಯಪ್ ಹಾಕಿಕೊಂಡಿದ್ದೆ. ‘ನಿಮ್ಮಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಬ್ಬರಿದ್ದಾರೆ’ ಎಂದಿತು. ದೊಡ್ಡ ಪಟ್ಟಣದಲ್ಲಿ ಅಷ್ಟು ದೂರದೊಳಗೆ ಯಾರು ಬೇಕಾದರೂ ಇರಬಹುದು. ನಮ್ಮ ಶಿರ್ತಾಡಿಯಲ್ಲಿ ಅಷ್ಟರೊಳಗಿನ ಮನೆಗಳ ನಾಯಿಗಳ ಹೆಸರೂ ನನಗೆ ಗೊತ್ತು. ಯಾರಿರಬಹುದೆಂದು ಯೋಚಿಸಿದೆ, ಅವಳೂ ನನ್ನ ಬಗ್ಗೆ ಹೀಗೆಯೇ ಯೋಚಿಸುತ್ತಿರಬಹುದೆಂದು ಹೆದರಿ ಅಳಿಸಿಬಿಟ್ಟೆ. ಈಗಲೂ ಹಾಲಿನ ಡೈರಿಯಲ್ಲಿ ಯಾರಾದರೂ ಎರಡನೇ ಸಲ ತಿರುಗಿ ನೋಡಿದರೆ ಅವಳೇ ಇರಬಹುದೇ ಎನಿಸುತ್ತದೆ. ಅವಳನ್ನು ನೆನೆದು ಬೇಸರವಾಗುತ್ತದೆ.

ಬಂಟ್ವಾಳದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುವ ವೀಣಾ ನನಗೆ ಸಿಕ್ಕಿದ್ದು ಇನ್‌ಸ್ಟಾಗ್ರಾಮಿನಲ್ಲಿ. ಅಲ್ಲಿ ನಮ್ಮಂಥವರಿಗೆ ಮುಖವಿರುವುದಿಲ್ಲ. ದಾಸವಾಳವೋ ಬೆಕ್ಕೋ ಇರುತ್ತದೆ. ನಾನು ಬಸದಿಯ ಕಂಬವಾಗಿದ್ದೆ, ಅವಳು ಪಾಣೆಮಂಗಳೂರಿನ ಸೇತುವೆ. ಕಂಬವೂ ಸೇತುವೆಯೂ ತಿಂಗಳುಗಟ್ಟಲೆ ಮಾತಾಡಿ, ಕೊನೆಗೆ ಇಬ್ಬರ ಊರೂ ಅಲ್ಲವೆಂಬ ಧೈರ್ಯದಲ್ಲಿ ಬೆಳ್ತಂಗಡಿಯ ಹೋಟೆಲಿನಲ್ಲಿ ಎದುರುಬದುರು ಕೂತೆವು. ಬನ್ಸ್ ತಂದಿಟ್ಟವನು “ಅಕ್ಕ ತಂಗಿಯಾ?” ಎಂದು ಕೇಳಿದ. ಇಬ್ಬರೂ ಒಟ್ಟಿಗೇ ಹೌದೆಂದೆವು.

ಆಮೇಲೆ ನನಗೊಂದು ಚಟ ಹತ್ತಿತು. ಭಾನುವಾರಗಳಂದು ತೆಗೆದ ನಮ್ಮ ಫೋಟೊಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು. ವೀಣಾಳನ್ನು ಬಿಟ್ಟು ಮಿಕ್ಕವರೆಲ್ಲರಿಗೂ ಅದು ಕಾಣದಂತೆ ಮಾಡುವುದು. ಅವಳಿಗೇ ನೇರ ಕಳಿಸಬಹುದಲ್ಲ ಎನ್ನುತ್ತೀರಿ. ಕಳಿಸಬಹುದು. ಆದರೆ ಚಿಕ್ಕಮ್ಮನ ಮಗಳು ಗಂಡನ ಜೊತೆಗಿನ ಫೋಟೊ ಹಾಕಿದಾಗ ಕುಟುಂಬವೇ ಹರಸುತ್ತದೆ. ನನಗೂ ಊರಿಗೆಲ್ಲ ಹೇಳಬೇಕೆಂಬ ಆಸೆ. ಊರು ನೋಡದಿದ್ದರೂ ಊರಿಗೆ ಹೇಳಿದಂತೆ ಮಾಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಕಾರಿಂಜ ದೇವಸ್ಥಾನದ ಮೆಟ್ಟಿಲಲ್ಲಿ ವೀಣಾ ನನ್ನ ಹೆಗಲಿಗೆ ಒರಗಿದ್ದ ಫೋಟೊ ಒಂದಿತ್ತು. ದೇವರ ದರ್ಶನವಾಗಿತ್ತು, ಮನಸ್ಸು ತುಂಬಿತ್ತು. ಕೆಳಗೆ ‘ನನ್ನವಳು’ ಎಂದು ಬರೆದು ಹಾಕಿದೆ. ಸಂಜೆ ತೆರೆದರೆ, ನೋಡಿದವರು ಇಬ್ಬರು! ವೀಣಾ, ಮತ್ತು ‘ಅಮ್ಮ ಹೊಸ ನಂಬರ್’. ಹಿಂದಿನ ವಾರವಷ್ಟೇ ಅಮ್ಮನಿಗೆ ಹೊಸ ಸಿಮ್ ತಂದುಕೊಟ್ಟು, ನಂಬರನ್ನು ನಾನೇ ಸೇವ್ ಮಾಡಿಕೊಂಡಿದ್ದೆ. ಮರೆಮಾಡಿದ್ದು ಹಳೆಯ ನಂಬರಿಗೆ ಮಾತ್ರ. ಗಣಿತದ ಟೀಚರಿಗೆ ಇಷ್ಟು ಹೊಳೆಯಬೇಡವೇ?

ಅಮ್ಮ ಅನ್ನ ಬಡಿಸಿದಳು, ದೀಪ ಹಚ್ಚಿದಳು, ಮಾತು ಕಡಿಮೆ ಮಾಡಿದಳು. ಮಾವನಿಗೆ ಹೇಳಿಬಿಟ್ಟರೆ ಏನು ಗತಿ ಎಂಬ ಭಯಕ್ಕಿಂತ, ಅಮ್ಮ ಇನ್ನು ನನ್ನ ಮುಖ ನೋಡುವುದಿಲ್ಲವೇನೋ ಎಂಬ ದುಃಖವೇ ದೊಡ್ಡದಾಗಿತ್ತು. ಕೆಲವು ದಿನ ಕಳೆದು, ಬಸಳೆ ಹೆಚ್ಚುತ್ತಾ ತಲೆಯೆತ್ತದೆಯೇ ಅಂದಳು:

“ನನಗೆ ಇದೆಲ್ಲ ಅರ್ಥ ಆಗುದಿಲ್ಲ ಮಗಾ. ದೇವರ ಎದುರು ಕೂತರೆ ಏನು ಬೇಡುದು ಅಂತಲೂ ಗೊತ್ತಾಗುದಿಲ್ಲ.”

ನಾನು ಅತ್ತುಬಿಟ್ಟೆ. ಅಮ್ಮನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು, “ಅವಳ ಮನೆಯಲ್ಲಿ ಯಾರೆಲ್ಲ ಉಂಟು?”

ನಮ್ಮ ಕಡೆ ಸಂಬಂಧ ಕೇಳಿ ಬಂದಾಗ ಮೊದಲು ಕೇಳುವ ಪ್ರಶ್ನೆ ಅದು. ಅಮ್ಮನಿಗೆ ಅದು ಹೊಳೆದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ವೀಣಾಳ ಮನೆಯವರ ಬಗ್ಗೆ ಒಂದೊಂದಾಗಿ ಹೇಳಿದೆ.

ಮುಂದಿನ ಭಾನುವಾರ ವೀಣಾ ಊಟಕ್ಕೆ ಬಂದಳು. ಅಮ್ಮ ನೀರುದೋಸೆ ಮಾಡಿ, ಬೇಡವೆಂದರೂ ಬಡಿಸಿದಳು. ಊಟವಾದ ಮೇಲೆ ನಮ್ಮಿಬ್ಬರನ್ನೂ ತುಳಸಿಕಟ್ಟೆಯ ಹತ್ತಿರ ನಿಲ್ಲಿಸಿ ಫೋಟೊ ತೆಗೆದಳು. ಆಮೇಲೆ ಮೊಬೈಲನ್ನು ನನ್ನ ಕೈಗಿತ್ತು ಮೆಲ್ಲಗೆ ಅಂದಳು, “ಮಾವನಿಗೆ ಕಾಣದ ಹಾಗೆ ಹಾಕುದು ಹೇಗೆ? ನನಗೂ ಸ್ವಲ್ಪ ಕಲಿಸು.”

ಕಲಿಸಿದೆ. ಒಂದೊಂದೇ ಹೆಸರು ಒತ್ತುತ್ತಾ ಹೋದಳು. ತನ್ನ ಅಣ್ಣನ ಹೆಸರು ಬಂದಾಗ ಬೆರಳು ನಿಂತಿತು. ಹುಟ್ಟಿದಂದಿನಿಂದ ಅವರಿಂದ ಏನನ್ನೂ ಮುಚ್ಚಿಟ್ಟವಳಲ್ಲ ಅಮ್ಮ. ಕನ್ನಡಕ ಸರಿಮಾಡಿಕೊಂಡು ಅದನ್ನೂ ಒತ್ತಿದಳು. ಆ ಫೋಟೊ ನೋಡಲು ಲೋಕದಲ್ಲಿ ಉಳಿದವರು ನಾನು ಮತ್ತು ವೀಣಾ ಮಾತ್ರ. ನಾವೋ ಆಗಲೇ ಅಮ್ಮನ ಎರಡೂ ಪಕ್ಕದಲ್ಲಿ ಕೂತಿದ್ದೆವು.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಮಾವನ ದೇವರು ಬಂದ. ನಾನೂ ಅಮ್ಮನೂ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈ ಮುಗಿದೆವು.